ಅವರ ಪರವಾಗಿ ನೀವು ಕೇಳಿ

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಸಾಲಿನಲ್ಲಿ ಅವರನ್ನು ನೀವು ನೋಡಿದ್ದೀರಿ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಅದರ ಮೇಲೆ ದಪ್ಪ ಮಾರ್ಕರಿನಲ್ಲಿ ಬರೆದ ಹೆಸರು, ಊರು, ಫೋನ್ ನಂಬರು. ದುಬೈಗೋ ದಮ್ಮಾಮಿಗೋ ದುಡಿಯಲು ಹೊರಟ ಜೀವಗಳು. ಸಾಲ ಮಾಡಿ ಕೊಂಡ ಆ ಟಿಕೆಟ್ಟಿನಲ್ಲೂ ‘ಯುಡಿಎಫ್’ ಎಂಬ ಬಳಕೆದಾರರ ಅಭಿವೃದ್ಧಿ ಶುಲ್ಕವಿದೆ. ಆ ದುಡ್ಡು ಏನಾಯಿತೆಂದು ಅವರು ಕೇಳಲಾರರು. ನೀವು ಕೇಳಬಲ್ಲಿರಿ. ಅವರ ಪರವಾಗಿ ನೀವು ಕೇಳಿ.

2020ರಲ್ಲಿ ಈ ನಿಲ್ದಾಣದ ನಿರ್ವಹಣೆ 50 ವರ್ಷಗಳ ಗುತ್ತಿಗೆಗೆ ಅದಾನಿ ಸಮೂಹದ ಕೈಸೇರಿತು. ಗುತ್ತಿಗೆಗೆ ಹೋದದ್ದು ನಿರ್ವಹಣೆ, ಲೆಕ್ಕ ಕೇಳುವ ನಮ್ಮ ಹಕ್ಕಲ್ಲ. ಮಳಿಗೆ, ಪಾರ್ಕಿಂಗ್, ಜಾಹೀರಾತುಗಳ ಆದಾಯದಲ್ಲಿ ರೂಪಾಯಿಗೆ 30 ಪೈಸೆಯಷ್ಟೇ ಪ್ರಯಾಣಿಕರ ಹೊರೆ ಇಳಿಸಲು ಬಳಕೆಯಾಗಬೇಕೆನ್ನುತ್ತದೆ 2016ರ ವಿಮಾನಯಾನ ನೀತಿ. ಹಾಗಿರುವಾಗ ಮಳಿಗೆಗಳಿಗೆ ಮಾಡಿದ ಖರ್ಚು, ಶುಲ್ಕದಿಂದ ತುಂಬಿಕೊಳ್ಳುವ ರನ್‌ವೇಯ ಖಾತೆಗೆ ಜಾರಿದರೆ, ಅದನ್ನು ತೆರುವುದು ಆ ರಟ್ಟಿನ ಪೆಟ್ಟಿಗೆಯವರೇ. ಯಾವ ಖರ್ಚು ಯಾವ ಖಾತೆಗೆ ಬಿತ್ತು ಎಂದು ಸರ್ಕಾರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಇದಕ್ಕೇ. ಅವರ ಪರವಾಗಿ ನೀವು ಕೇಳಿ.

2010ರ ಮೇ 22ರ ಬೆಳಗನ್ನು ಕರಾವಳಿ ಮರೆತಿಲ್ಲ. ದುಬೈಯಿಂದ ಬಂದ ವಿಮಾನ ಇದೇ ನಿಲ್ದಾಣದಲ್ಲಿ ಗುಡ್ಡದ ಅಂಚು ದಾಟಿ ಉರುಳಿ 158 ಮಂದಿ ತೀರಿಕೊಂಡರು. ಪೈಲಟ್‌ನ ತಪ್ಪು ಕಾರಣ ಎಂದಿತು ತನಿಖೆ. ಆದರೆ ಗುಡ್ಡದ ನೆತ್ತಿಯ ಆ ನಿಲ್ದಾಣದಲ್ಲಿ ರನ್‌ವೇಯಾಚೆಯ ಒಂದೊಂದು ಮೀಟರ್ ಸುರಕ್ಷಿತ ನೆಲವೂ ಎಷ್ಟು ಅಮೂಲ್ಯವೆಂದು ಅಂದು ನಮಗೆಲ್ಲ ತಿಳಿಯಿತು. ತಿಳಿದೂ, ಶುಲ್ಕದ ಹಣದಲ್ಲಿ ಸುರಕ್ಷತೆಗೆ ಎಷ್ಟು, ಥಳುಕಿಗೆ ಎಷ್ಟು ಎಂದು ಕೇಳದೆ ಕುಳಿತಿದ್ದೇವೆ.

ಕೇಳಿದರೆ ಫಲವಿಲ್ಲವೆನ್ನಬೇಡಿ. ಶುಲ್ಕಗಳ ಮೇಲೆ ಕಣ್ಣಿಡಲೆಂದೇ 2008ರ ಕಾಯ್ದೆಯಿಂದ ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ ಹುಟ್ಟಿದೆ. ಅದು ನಿಗದಿ ಮಾಡದೆ ದೆಹಲಿ, ಮುಂಬೈಗಳಲ್ಲಿ ಅಭಿವೃದ್ಧಿ ಶುಲ್ಕ ವಸೂಲಿ ಮಾಡುವಂತಿಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು; ಆ ಬಾಗಿಲು ತಟ್ಟಿದ್ದು ಗ್ರಾಹಕರದೇ ಒಂದು ಸಂಸ್ಥೆ.

ದರ ನಿಗದಿಗೆ ಮುನ್ನ ಪ್ರಾಧಿಕಾರ ಸಮಾಲೋಚನಾ ಪತ್ರ ಪ್ರಕಟಿಸಿ ಆಕ್ಷೇಪಣೆ ಆಹ್ವಾನಿಸುತ್ತದೆ. ಪುಟಗಟ್ಟಲೆ ಇಂಗ್ಲಿಷಿನ ಆ ಪತ್ರವನ್ನು ಮರುಭೂಮಿಯ ಬಿಸಿಲಲ್ಲಿ ಇಟ್ಟಿಗೆ ಹೊರುವವರು ಓದಲಾರರು. ಓದುಬರಹ ಬಲ್ಲ, ಮನಸ್ಸಾಕ್ಷಿಯುಳ್ಳ ನೀವು ಓದಬಲ್ಲಿರಿ. ಓದಿ, ಆಕ್ಷೇಪಣೆ ಬರೆಯಿರಿ, ನಿಮ್ಮ ಸಂಸದರಿಗೂ ಬರೆಯಿರಿ. ಪೈಸೆ ಪೈಸೆಗೂ ಲೆಕ್ಕ ಕೇಳಿ.