ಬಾಯಿ ಮುಚ್ಚಿದರೆ ಬುದ್ಧಿ ಮುಚ್ಚುವುದಿಲ್ಲ

ಮೀಟಿಂಗಿನಲ್ಲಿ ಅರ್ಧ ಗಂಟೆ ಯಾರೂ ಮಾತಾಡದೆ ಐಡಿಯಾ ಬರೆಯುವ ಪದ್ಧತಿಯನ್ನು ನಮ್ಮ ತಂಡದಲ್ಲಿ ಶುರುಮಾಡಿದ ಮೇಲೆ ಆಕ್ಷೇಪಗಳು ಸಾಲುಗಟ್ಟಿವೆ. ಒಂದೊಂದನ್ನೇ ಎತ್ತಿಕೊಳ್ಳುತ್ತೇನೆ, ತೀರ್ಪು ಓದುಗರದು.

ಮಾತಿಗೆ ಮಾತು ಬೆಳೆದಾಗಲೇ ಹೊಸದು ಹುಟ್ಟುತ್ತದೆ ಎನ್ನುತ್ತಾರೆ. ಈ ನಂಬಿಕೆಯನ್ನು 1958ರಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ನಾಲ್ವರು ಕಲೆತು ಮಾತಾಡಿ ಕೊಟ್ಟದ್ದಕ್ಕಿಂತ, ನಾಲ್ವರು ಒಂಟಿಯಾಗಿ ಯೋಚಿಸಿದ್ದನ್ನು ಕೂಡಿಸಿದಾಗ ಸಿಕ್ಕ ಐಡಿಯಾಗಳೇ ಹೆಚ್ಚು. ಇದರ ಮುಖ್ಯ ಕಾರಣವನ್ನು 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಬಿಡಿಸಿ ತೋರಿಸಿದರು: ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಮಿಕ್ಕವರು ಸರದಿ ಕಾಯುತ್ತಾರೆ; ಕಾಯುತ್ತಲೇ ಹೊಳೆದದ್ದು ಕೈಜಾರುತ್ತದೆ. ಕಾಗದದ ಮುಂದೆ ಸರದಿಯೇ ಇಲ್ಲ.

ಎರಡನೆಯದು, ಗುಂಪಾಗಿ ಐಡಿಯಾ ಹುಡುಕುವ ವಿದ್ಯೆಯ ಮೂಲಪುರುಷ ಅಲೆಕ್ಸ್ ಆಸ್ಬಾರ್ನ್ ಗುಂಪಿನ ಮಾತುಕತೆಯನ್ನೇ ಬೋಧಿಸಿದ ಎಂಬ ವಾದ. ಆತ ಗುಂಪಿನ ಅಧಿವೇಶನವನ್ನು ಒಬ್ಬೊಬ್ಬರ ಸ್ವಂತ ಆಲೋಚನೆಗೆ ಪೂರಕವೆಂದಷ್ಟೇ ಹೇಳಿದ್ದ. ಪೂರಕವನ್ನೇ ಮೂಲವಾಗಿಸಿಕೊಂಡವರು ಅವನ ಹೆಸರಿನಲ್ಲಿ ನಮ್ಮನ್ನು ಬೈಯುತ್ತಿದ್ದಾರೆ.

ಮೂರನೆಯದೇ ನನ್ನನ್ನು ಕೆರಳಿಸಿದ್ದು: 'ಹೇಳುವುದಿದ್ದವರು ಹೇಳಿಯೇ ಹೇಳುತ್ತಾರೆ, ಸುಮ್ಮನಿರುವವರ ಹತ್ತಿರ ಹೇಳಲು ಏನೂ ಇರುವುದಿಲ್ಲ.' ಗ್ರಾಹಕರ ಫೋನು ಎತ್ತುವ ಹುಡುಗಿ ನಮ್ಮ ತಂಡದಲ್ಲಿದ್ದಾಳೆ. ದೂರುಗಳನ್ನು ಕಡಿಮೆ ಮಾಡುವುದು ಹೇಗೆಂದು ಮೂರು ಸಲ ಸೇರಿದಾಗಲೂ ಆಕೆ ಬಾಯಿ ಬಿಟ್ಟಿರಲಿಲ್ಲ. ನಾಲ್ಕನೇ ಸಲ, ಮಾತಿನ ಬದಲು ಹಾಳೆ ಕೈಯಿಂದ ಕೈಗೆ ಸುತ್ತಿದಾಗ, ಪೆನ್ಸಿಲಿನಲ್ಲಿ ಬರೆದಳು: 'ಕಟ್ಟಬೇಕಾದ ಕೊನೇ ದಿನಾಂಕ ಬಿಲ್ಲಿನ ತಲೆಯ ಮೇಲೆ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ.' ಪಕ್ಕದವರು ಅದರ ಕೆಳಗೆ 'ಮೊತ್ತವೂ ಅಲ್ಲೇ' ಎಂದು ಸೇರಿಸಿದರು. ದಿನವಿಡೀ 'ಕೊನೇ ದಿನ ಯಾವುದಮ್ಮ?' ಎಂಬ ಪ್ರಶ್ನೆಗೆ ಉತ್ತರಿಸುವವಳಿಗೆ ಗೊತ್ತಿದ್ದ ಸಂಗತಿ, ಗಟ್ಟಿ ದನಿಯವರಿಗೆ ಮೂರು ಮೀಟಿಂಗಿನಲ್ಲೂ ಹೊಳೆದಿರಲಿಲ್ಲ. ಆಕೆಯ ಹತ್ತಿರ ಹೇಳಲು ಏನೂ ಇರಲಿಲ್ಲವೋ, ಅಥವಾ ಹಿರಿಯರ ಮಾತಿನ ನಡುವೆ ಬಾಯಿ ಹಾಕಲು ಜಾಗ ಇರಲಿಲ್ಲವೋ?

ನಾಲ್ಕನೆಯ ಆಕ್ಷೇಪ ಎರಡು ತಲೆಯದು. ಇದರಿಂದ ಸಮಯ ಹಾಳು ಎಂದು ಒಬ್ಬರು. ಓದಿ ಮುಗಿಸಲಾಗದಷ್ಟು ಐಡಿಯಾ ಬರುತ್ತವೆ ಎಂದು, ಅದೇ ಬಣದ, ಇನ್ನೊಬ್ಬರು. ಎರಡೂ ಒಟ್ಟಿಗೆ ನಿಲ್ಲುವುದು ಹೇಗೆ? ಲೆಕ್ಕ ಇಷ್ಟೆ. ಬರ್ನ್ಡ್ ರೋರ್‌ಬಾಖ್ ಎಂಬ ಜರ್ಮನ್ 1960ರ ದಶಕದ ಕೊನೆಯಲ್ಲಿ ಪ್ರಚುರಪಡಿಸಿದ ಕ್ರಮದಲ್ಲಿ 6 ಜನ, ತಲಾ 3 ಐಡಿಯಾ, 5 ನಿಮಿಷ. ಆಮೇಲೆ ಹಾಳೆ ಪಕ್ಕದವರ ಕೈಗೆ. ಆರು ಸುತ್ತಿಗೆ 30 ನಿಮಿಷ, 108 ಐಡಿಯಾ. ಹೇಳಿದ್ದನ್ನೇ ಹೇಳಿದವು, ಕೆಲಸಕ್ಕೆ ಬಾರದವು ಅದರಲ್ಲಿ ಖಂಡಿತ ಇರುತ್ತವೆ. ಜರಡಿ ಹಿಡಿಯುವುದಕ್ಕೆ ಕಾಳು ರಾಶಿಯಾಗಿ ಬಿದ್ದಿರಬೇಕಲ್ಲ!

ನಮ್ಮ ಜನಕ್ಕೆ ಬರೆಯುವ ರೂಢಿಯಿಲ್ಲ ಎಂಬುದಕ್ಕೆ ಹೆಚ್ಚು ಹೇಳಬೇಕಿಲ್ಲ. ಸಾಹಿತ್ಯ ಕೇಳುತ್ತಿಲ್ಲ, ಅರ್ಧ ಸಾಲು ಸಾಕು. ಕಾಗುಣಿತ ತಪ್ಪಿದರೂ ನಡೆಯುತ್ತದೆ.

ಕೊನೆಗೆ, ಮೌನ ಹೇರಿ ಚರ್ಚೆಯನ್ನು ಕೊಂದಿದ್ದೇವೆ ಎಂಬ ದೂರು. ಅದನ್ನು ಹೇಳಿದವರು ಮೂವತ್ತೊಂದನೇ ನಿಮಿಷದವರೆಗೆ ಕೂತಿರಲಿಲ್ಲ. ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ನಾವು ಜಗಳಾಡಲು ಶುರುಮಾಡುವುದೇ ಆಗ. ಬಿಲ್ಲಿನ ದಿನಾಂಕದ ಸಲಹೆಯನ್ನು ಆ ಹುಡುಗಿ ಎದ್ದುನಿಂತು ಸಮರ್ಥಿಸಿಕೊಂಡದ್ದೂ ಆಗಲೇ.