ತುದಿ ತೆರೆದ ತಂತಿಯಲ್ಲಿ ಕರೆಂಟ್ ಹರಿಯುವುದು ಹೇಗೆ?

ಧಾರವಾಡ ಆಕಾಶವಾಣಿ ಕೇಳಲು ಮಾಳಿಗೆಯ ಮೇಲೆ ತಾಮ್ರದ ತಂತಿ ಕಟ್ಟುತ್ತಿದ್ದ ಕಾಲವನ್ನು ರಬಕವಿಯ ಹಿರಿಯರು ಮರೆತಿರಲಿಕ್ಕಿಲ್ಲ. ಸರ್ಕೀಟು ಪೂರ್ತಿಯಾಗದಿದ್ದರೆ ವಿದ್ಯುತ್ ಹರಿಯದು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಈ ತಂತಿಯ ಒಂದು ತುದಿಯೋ ಗಾಳಿಯಲ್ಲೇ ಮುಗಿಯುತ್ತದೆ. ಆದರೂ ರೇಡಿಯೊ ಮಾತಾಡುತ್ತಿತ್ತು!

ಸರ್ಕೀಟನ್ನು ಪೂರ್ತಿ ಮಾಡುವುದು ಗಾಳಿಯೇ. ತಂತಿ ಒಂದು ಹಾಳೆ, ನೆಲ ಇನ್ನೊಂದು ಹಾಳೆ, ನಡುವೆ ಗಾಳಿ, ಅದೊಂದು ಕೆಪಾಸಿಟರ್. ಧಾರವಾಡದ 765 ಕಿಲೋಹರ್ಟ್ಸ್ ಅಲೆ ಸೆಕೆಂಡಿಗೆ 7,65,000 ಆವರ್ತನ ಮಾಡುವಾಗ ಈ ಕೆಪಾಸಿಟರ್ ತುಂಬಿ ಬರಿದಾಗುತ್ತಲೇ ಇರುತ್ತದೆ. ತಂತಿಯ ಸುತ್ತ ಏಳುವ ಕಾಂತಕ್ಷೇತ್ರ ಕರೆಂಟಿನ ಬದಲಾವಣೆಗೆ ಅಡ್ಡಿ ಮಾಡುತ್ತದೆ. ಈ ಗುಣವೇ ಇಂಡಕ್ಟನ್ಸ್. ಎರಡೂ ಒಂದೆಡೆ ಗಂಟುಬಿದ್ದಿಲ್ಲ. ಹಾಸಿನ ನೂಲಿಗೆ ಹಚ್ಚಿದ ಗಂಜಿಯಂತೆ ಉದ್ದಕ್ಕೂ ಹರಡಿವೆ. ಹಾಗಾಗಿಯೇ ಆಂಟೆನಾವನ್ನು ಟ್ರಾನ್ಸ್‌ಮಿಶನ್ ಲೈನ್ ಎಂದು ಲೆಕ್ಕ ಹಾಕಬಹುದು.

ನೆಲದಿಂದ 6 ಮೀಟರ್ ಎತ್ತರದಲ್ಲಿ ಅಡ್ಡ ಕಟ್ಟಿದ 2 ಮಿ.ಮೀ. ದಪ್ಪದ ತಂತಿಗೆ ಮೀಟರಿಗೆ ಸುಮಾರು 1.9 ಮೈಕ್ರೊಹೆನ್ರಿ, 6 ಪಿಕೊಫ್ಯಾರಡ್ ಬರುತ್ತದೆ. ಇವೆರಡನ್ನು ಗುಣಿಸಿ, ವರ್ಗಮೂಲ ತೆಗೆದು, ಒಂದನ್ನು ಅದರಿಂದ ಭಾಗಿಸಿದರೆ ಸಿಗುವುದು ಹೆಚ್ಚುಕಡಿಮೆ ಬೆಳಕಿನ ವೇಗ. ನಮಗಂತೂ ಈ ಲೆಕ್ಕ ಪ್ರತಿ ಸಲ ಖುಷಿ ಕೊಡುತ್ತದೆ.

ತಂತಿ ಉದ್ದವಾದಷ್ಟೂ ಒಳ್ಳೆಯದು ಎಂಬ ಮಾತು ಅರ್ಧ ನಿಜ. 765 ಕಿಲೋಹರ್ಟ್ಸ್‌ನ ಅಲೆಯುದ್ದ ಸುಮಾರು 392 ಮೀಟರ್. ಕಾಲು ಅಲೆ, ಅಂದರೆ ಸುಮಾರು 98 ಮೀಟರ್ ಇದ್ದಾಗ ಎರಡು ಗುಣಗಳೂ ಒಂದನ್ನೊಂದು ಸರಿದೂಗಿಸುತ್ತವೆ. ಮಾಳಿಗೆಯ 15 ಮೀಟರ್ ತಂತಿ ಬರೀ 90 ಪಿಕೊಫ್ಯಾರಡ್ ಕೆಪಾಸಿಟರಿನಂತೆ ವರ್ತಿಸಿ, ಸುಮಾರು 2,300 ಓಮ್ ತಡೆ ಒಡ್ಡುತ್ತದೆ. ಅದನ್ನು ನೀಗಿಸಲು 480 ಮೈಕ್ರೊಹೆನ್ರಿಯಷ್ಟು ಸುರುಳಿ ಬೇಕು. ಕಾಲು ಅಲೆಗಿಂತ ಉದ್ದವಾದರೆ ತಂತಿಯೇ ಸುರುಳಿಯಂತೆ ವರ್ತಿಸತೊಡಗುತ್ತದೆ.

ಈ ಮಾದರಿಗೂ ಮಿತಿಯಿದೆ. ಅಲೆಯಾಗಿ ಹೊರಹೋಗುವ ಶಕ್ತಿ ಅದರಲ್ಲಿಲ್ಲ. ತುದಿಯಲ್ಲಿ ಕೆಪಾಸಿಟನ್ಸ್ ಬೇರೆಯಾಗುತ್ತದೆ. 1941ರಲ್ಲಿ ಶೆಲ್ಕುನಾಫ್ ಶಂಕುವಿನಾಕಾರದ ಆಂಟೆನಾದಿಂದ ಲೆಕ್ಕ ಆರಂಭಿಸಿದ್ದು ಇದಕ್ಕೇ: ಅಲ್ಲಿ ಎರಡೂ ಉದ್ದಕ್ಕೂ ಒಂದೇ ಸಮ.

ಉದ್ದ ತಂತಿ ಮಗ್ಗದ ಮೋಟಾರಿನ ಗೊರಗೊರವನ್ನೂ ಎಳೆದುಕೊಳ್ಳುತ್ತದೆ. ಈಗಲೂ ಕಟ್ಟುವವರಿದ್ದರೆ, ಕರೆಂಟ್ ಲೈನಿನ ಮೇಲೆ ಕೆಳಗೆ ಎಲ್ಲೂ ಹಾಯಿಸಬೇಡಿ. ಗುಡುಗು ಶುರುವಾಗುವ ಮೊದಲೇ ರೇಡಿಯೊದಿಂದ ಬಿಚ್ಚಿಡಿ. ಟ್ರಾನ್ಸಿಸ್ಟರ್ ಇರುವವರಿಗೆ ತಂತಿಯ ಉಸಾಬರಿಯೇ ಇಲ್ಲ. ಒಳಗಿನ ಫೆರೈಟ್ ಕಡ್ಡಿ ಅಲೆಯ ಕಾಂತಕ್ಷೇತ್ರವನ್ನೇ ಹಿಡಿಯುತ್ತದೆ.