ನಾವು ತೋಡದ ಬಾವಿ

ಪರೀಕ್ಷೆಯ ಫಲಿತಾಂಶ ಬಂದ ವಾರದ ಭಾನುವಾರ ಚರ್ಚಿನಲ್ಲಿ ಒಂದು ಬಗೆಯ ಸಂಭ್ರಮವಿರುತ್ತದೆ. ಆರಾಧನೆಯ ನಡುವೆ ಪ್ರಕಟಣೆಯ ಹೊತ್ತು ಬಂದಾಗ ಸಭಾಪಾಲಕರು ಒಂದೊಂದೇ ಚೀಟಿ ಬಿಡಿಸಿ ಓದುತ್ತಾರೆ. ಮಗ ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದುದಕ್ಕಾಗಿ ಒಂದು ಕುಟುಂಬದ ಸ್ತೋತ್ರ ಕಾಣಿಕೆ. ಮಗಳಿಗೆ ಕಾಲೇಜಿನಲ್ಲಿ ಬಯಸಿದ ಸೀಟು ಸಿಕ್ಕಿದ್ದಕ್ಕಾಗಿ ಇನ್ನೊಂದು ಕುಟುಂಬದ ಕಾಣಿಕೆ. ಹೆಸರು ಓದಿದಾಗಲೆಲ್ಲ ಜನ ಹಿಂತಿರುಗಿ ನೋಡಿ ನಗುತ್ತಾರೆ. ಅದೇ ಸಾಲಿನ ಬೆಂಚಿನ ತುದಿಯಲ್ಲಿ, ಗಣಿತದಲ್ಲಿ ನಪಾಸಾದ ಹುಡುಗನೊಬ್ಬ ಸುಮ್ಮನೆ ಕೀರ್ತನೆಯ ಪುಸ್ತಕದ ಪುಟ ತಿರುವುತ್ತ ಕುಳಿತಿರುತ್ತಾನೆ. ಅವನ ಮನೆಯವರು ಚೀಟಿ ಬರೆದಿಲ್ಲ.

ಈ ವಾರದ ಮಾತು ಚೀಟಿ ಬರೆದವರಿಗೂ ಬರೆಯದವರಿಗೂ ಸೇರಿದ್ದು. ದೇವರು ಕೊಟ್ಟಿದ್ದನ್ನು ಕೃತಜ್ಞತೆಯಿಂದ ಸ್ವೀಕರಿಸಬೇಕೆಂದು ನಾವೆಲ್ಲ ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಕೃತಜ್ಞತೆ ಒಂದೇ ಇದ್ದರೆ ಸಾಲದು, ಅದರ ಜೊತೆಗೆ ವಿನಯವೂ ಬೇಕು ಎಂಬುದನ್ನು ಹೇಳಲು ಮರೆಯುತ್ತೇವೆ. ವಿನಯವಿಲ್ಲದ ಕೃತಜ್ಞತೆ ಹೇಗಿರುತ್ತದೆ ಎಂಬುದನ್ನು ಯೇಸುಸ್ವಾಮಿ ಒಂದು ಸಾಮ್ಯದಲ್ಲಿ ತೋರಿಸಿದ್ದಾನೆ. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಇಬ್ಬರು ಪ್ರಾರ್ಥನೆಗೆ ದೇವಾಲಯಕ್ಕೆ ಹೋಗುತ್ತಾರೆ. ಒಬ್ಬ ಫರಿಸಾಯ, ಇನ್ನೊಬ್ಬ ಸುಂಕದವನು. ಫರಿಸಾಯನ ಪ್ರಾರ್ಥನೆ ಆರಂಭವಾಗುವುದೇ ದೇವರಿಗೆ ಸ್ತೋತ್ರ ಹೇಳುವುದರಿಂದ! ತಾನು ಬೇರೆಯವರಂತೆ ಇಲ್ಲವಲ್ಲ, ಅದರಲ್ಲೂ ಆ ಸುಂಕದವನಂತೆ ಇಲ್ಲವಲ್ಲ ಎಂದು ಅವನು ಸ್ತೋತ್ರ ಮಾಡುತ್ತಾನೆ. ಅವನ ಬಾಯಲ್ಲಿ ದೇವರ ಹೆಸರಿದೆ, ಕಣ್ಣು ಮಾತ್ರ ಪಕ್ಕದವನ ಮೇಲಿದೆ. ದೇವರಿಗೆ ಮೆಚ್ಚಿಗೆಯಾಗಿ ಮನೆಗೆ ಹೋದವನು ಎದೆ ಬಡಿದುಕೊಂಡು ದೂರದಲ್ಲಿ ನಿಂತಿದ್ದ ಸುಂಕದವನು.

'ದೇವರ ದಯೆಯಿಂದ ನಮ್ಮ ಹುಡುಗ ಸಾಲೆಗೇ ಮೊದಲು' ಎಂದು ನಾವು ಹೇಳುವಾಗ ದೇವರ ದಯೆ ಎಂಬ ಮಾತಿಗೆ ಎಷ್ಟು ತೂಕ, 'ಮೊದಲು' ಎಂಬ ಮಾತಿಗೆ ಎಷ್ಟು ತೂಕ ಎಂದು ನಮ್ಮ ಮನಸ್ಸಿನ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಬೇಕು.

ವಿನಯ ಎಲ್ಲಿಂದ ಬರುತ್ತದೆ? 'ವಿನಯದಿಂದಿರು' ಎಂದು ಗದರಿಸಿದರೆ ಬರುವುದಿಲ್ಲ. ನಮ್ಮ ಕೈಗೆ ಬಂದದ್ದು ಯಾವ ದಾರಿ ಹಿಡಿದು ಬಂತು ಎಂದು ತಿಳಿದುಕೊಂಡರೆ ಅದು ತಾನಾಗಿ ಬರುತ್ತದೆ. ಇದನ್ನು ತಿಳಿಯಲು ವಿಜಯಪುರದ ಮಕ್ಕಳು ದೂರ ಹೋಗಬೇಕಾಗಿಲ್ಲ. ಅಥಣಿ ರಸ್ತೆ ಹಿಡಿದು ತೊರವಿ ದಾಟಿ ಟಿಕೋಟಾದ ತನಕ ಹೋಗಿ ಬಂದರೆ ಸಾಕು.

ಎರಡೂ ಬದಿಗೆ ದ್ರಾಕ್ಷಿಯ ಚಪ್ಪರ, ನಡುನಡುವೆ ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಥಾಮ್ಸನ್, ಸೋನಾಕ, ಮಾಣಿಕ್ ಚಮನ್ ಎಂಬ ತಳಿಗಳ ಹೆಸರು ಇಲ್ಲಿ ಸಣ್ಣ ಮಕ್ಕಳ ಬಾಯಲ್ಲೂ ಇವೆ. ಅಕ್ಟೋಬರ್ ಸುಮಾರಿಗೆ ಚಾಟ್ನಿ ಮಾಡಿದ ಬಳ್ಳಿ ಬೇಸಿಗೆಯ ಹೊತ್ತಿಗೆ ಗೊಂಚಲು ಹೊತ್ತು ನಿಲ್ಲುತ್ತದೆ. ಈ ಸಮೃದ್ಧಿ ನೋಡಿದವರಿಗೆ ಇದು ಬರಗಾಲದ ನಾಡು ಎಂದರೆ ನಂಬಿಕೆ ಬಾರದು. ಆದರೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಇದೇ ಬಳ್ಳಿಗಳನ್ನು ಉಳಿಸಿಕೊಳ್ಳಲು ರೈತರು ಸಾಲ ಮಾಡಿ ಟ್ಯಾಂಕರಿನಿಂದ ನೀರು ಹಾಕಿಸಿದ್ದಾರೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತು ಈ ಸೀಮೆಯದು. ಆ ಮಾತಿನ ಒಳಗೆ ಇನ್ನೊಂದು ಮಾತು ಅಡಗಿದೆ: ಡೋಣಿ ಹರಿಯದಿದ್ದರೆ ಓಣಿಯೆಲ್ಲ ಬರಿದು.

ಇಲ್ಲಿಯ ಕ್ರೈಸ್ತ ಸಭೆಯ ನೆನಪಿಗೂ ಬರ ಹತ್ತಿರದ್ದೇ. ಬಾಸೆಲ್ ಮಿಶನ್ನಿನವರು 1851ರಲ್ಲಿ ಗುಳೇದಗುಡ್ಡದಲ್ಲಿ, 1885ರಲ್ಲಿ ಆಗಿನ ಬಿಜಾಪುರದಲ್ಲಿ ನೆಲೆಯೂರಿದರು. ಈ ಎರಡರ ನಡುವೆ 1876-78ರ ಭೀಕರ ಬರ ಬಂದು ಈ ಭಾಗದ ಊರೂರುಗಳನ್ನೇ ಖಾಲಿ ಮಾಡಿತ್ತು. ಆ ಕಾಲದವರು ದಿನದ ರೊಟ್ಟಿಗಾಗಿ ಪ್ರಾರ್ಥನೆ ಮಾಡಿದಾಗ ಅದು ಬಾಯಿಪಾಠದ ಪ್ರಾರ್ಥನೆಯಾಗಿರಲಾರದು.

ಬೈಬಲ್ಲಿನ ಧರ್ಮೋಪದೇಶಕಾಂಡದಲ್ಲಿ ಮೋಶೆ ಇಸ್ರಾಯೇಲ್ಯರಿಗೆ ಒಂದು ಎಚ್ಚರಿಕೆ ಕೊಡುತ್ತಾನೆ. ನಲವತ್ತು ವರ್ಷ ಮರಳುಗಾಡಿನಲ್ಲಿ ಅಲೆದ ಜನ ಸಮೃದ್ಧಿಯ ನಾಡಿನ ಹೊಸ್ತಿಲಲ್ಲಿ ನಿಂತಿದ್ದಾರೆ. ತಾವು ತೋಡದ ಬಾವಿಗಳ ನೀರನ್ನು ಕುಡಿದು, ತಾವು ನೆಡದ ದ್ರಾಕ್ಷಿತೋಟಗಳ ಹಣ್ಣನ್ನು ತಿಂದು ಹೊಟ್ಟೆ ತುಂಬಿದಾಗ ಕೊಟ್ಟವನನ್ನು ಮರೆಯಬೇಡಿರಿ, ಇದೆಲ್ಲ ನಮ್ಮ ಕೈಬಲದಿಂದಲೇ ಬಂತು ಎಂದುಕೊಳ್ಳಬೇಡಿರಿ ಎಂಬುದು ಅವನ ಮಾತಿನ ಸಾರ. ಹಸಿದಾಗ ದೇವರನ್ನು ನೆನೆಯುವುದು ಸುಲಭ, ಉಂಡ ಮೇಲೆ ನೆನೆಯುವುದೇ ಕಷ್ಟ ಎಂದು ಮೋಶೆಗೆ ಗೊತ್ತಿತ್ತು.

ಬಾವಿ ಮತ್ತು ದ್ರಾಕ್ಷಿತೋಟ! ಈ ಎರಡು ಮಾತು ವಿಜಯಪುರದವರಿಗೆಂದೇ ಹೇಳಿದಂತಿದೆ. ನಗರದ ಒಳಗೆ 1620ರ ಸುಮಾರಿನ ತಾಜ್ ಬಾವಡಿ ಇದೆ, ಅದಕ್ಕಿಂತ ಹಳೆಯ ಚಾಂದ್ ಬಾವಡಿ ಇದೆ. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರನ್ನು ಕೋಟೆಯ ಊರಿಗೆ ಹರಿಸಿದ್ದರು ಆದಿಲ್‌ಶಾಹಿಗಳು. ಕಟ್ಟಿಸಿದ ಅರಸರ ಹೆಸರು ಉಳಿದಿದೆ. ಕಲ್ಲು ಒಡೆದವರ, ಬುಟ್ಟಿ ಹೊತ್ತವರ ಹೆಸರು ಒಂದೂ ಉಳಿದಿಲ್ಲ. ಅವರು ತೋಡಿದ್ದರ ನೀರನ್ನು ಹತ್ತಾರು ತಲೆಮಾರು ಕುಡಿಯಿತು.

ಇಂದಿನ ನೀರಿನ ದಾರಿ ಇನ್ನೂ ಉದ್ದವಾದದ್ದು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಅಣೆಕಟ್ಟು ನಾಡಿಗೆ ಸಮರ್ಪಣೆಯಾದದ್ದು 2006ರಲ್ಲಿ, ರಾಷ್ಟ್ರಪತಿ ಅಬ್ದುಲ್ ಕಲಾಂ ಅವರ ಕೈಯಿಂದ. ಅದರ ಹಿನ್ನೀರಿನಿಂದ ಮುಳವಾಡ ಏತ ನೀರಾವರಿ ಹೊರಡುತ್ತದೆ. ತುಬಚಿ-ಬಬಲೇಶ್ವರ ಏತ ನೀರಾವರಿ ಜಮಖಂಡಿ ತಾಲ್ಲೂಕಿನ ಕಡೆಯಿಂದ ಕೃಷ್ಣೆಯನ್ನು ಎತ್ತಿ ಬಬಲೇಶ್ವರ, ಟಿಕೋಟಾ ಸೀಮೆಗೆ ತರುತ್ತದೆ. ಒಣಗಿದ್ದ ಕೆರೆಗಳು ತುಂಬಿದಾಗ, ಕೆರೆಯ ಸುತ್ತಲ ಬಾವಿಗಳಿಗೆ ಜೀವ ಬಂದಾಗ ಈ ಭಾಗದ ಜನ ಕೆರೆಗೆ ಬಾಗಿನ ಬಿಟ್ಟು ಸಂತೋಷಪಟ್ಟರು. ಸಂತೋಷ ಪಡಲೇಬೇಕು.

ಆದರೆ ಆ ನೀರು ನಿಂತಿರುವ ಜಾಗದಲ್ಲಿ ಮೊದಲು ಏನಿತ್ತು? ಊರುಗಳಿದ್ದವು, ಹೊಲಗಳಿದ್ದವು, ಗುಡಿ, ಮಸೀದಿ, ಸಾಲೆಗಳಿದ್ದವು. ಬಾಗಲಕೋಟೆಯ ಹಳೆಯ ಊರಿನ ಎಷ್ಟೋ ಓಣಿಗಳು ಮುಳುಗಿ ಜನ ನವನಗರಕ್ಕೆ ಹೋದರು. ಮೊಸರಿಗೆ ಹೆಸರಾದ ಕೊಲ್ಹಾರ ತನ್ನ ಹಳೆಯ ಜಾಗ ಬಿಟ್ಟು ಬೇರೆ ಕಡೆ ನೆಲೆ ನಿಂತಿತು. ವಿಜಯಪುರ ನಗರಕ್ಕೆ ಕುಡಿಯುವ ನೀರು ಬರುವುದು ಇದೇ ಕೊಲ್ಹಾರದ ಕಡೆಯಿಂದ. ನಾವು ಬೆಳಿಗ್ಗೆ ನಲ್ಲಿ ತಿರುವಿ ತುಂಬಿಸಿಕೊಳ್ಳುವ ಕೊಡದಲ್ಲಿ ಯಾರದೋ ಮನೆಯಂಗಳ ಕರಗಿದೆ. 'ಮುಳುಗಡೆ' ಎಂಬ ಒಂದೇ ಶಬ್ದದಲ್ಲಿ ಆ ಜನ ತಮ್ಮ ಕಥೆಯನ್ನೆಲ್ಲ ಹೇಳಿ ಮುಗಿಸುತ್ತಾರೆ.

ಇಂಥ ನೀರನ್ನು ಹೇಗೆ ಕುಡಿಯಬೇಕೆಂದು ದಾವೀದನ ಕಥೆ ಕಲಿಸುತ್ತದೆ. ಸುಗ್ಗಿಯ ಕಾಲ. ದಾವೀದ ಗವಿಯೊಂದರಲ್ಲಿ ಅಡಗಿದ್ದ, ಅವನ ಹುಟ್ಟೂರು ಬೇತ್ಲೆಹೇಮ್ ಶತ್ರುಗಳ ವಶದಲ್ಲಿತ್ತು. ಊರ ಬಾಗಿಲ ಹತ್ತಿರದ ಬಾವಿಯ ನೀರನ್ನು ಕುಡಿಯುವ ಆಸೆಯಾಗಿ ಅವನು ಬಾಯಿ ಬಿಟ್ಟು ಹೇಳಿದ. ಕೇಳಿಸಿಕೊಂಡ ಮೂವರು ವೀರರು ಶತ್ರುಗಳ ಪಾಳೆಯವನ್ನು ನುಗ್ಗಿ, ಪ್ರಾಣದ ಹಂಗು ತೊರೆದು ನೀರು ತಂದುಕೊಟ್ಟರು. ದಾವೀದ ಆ ನೀರನ್ನು ಕುಡಿಯಲಿಲ್ಲ. ಇದು ಈ ಮನುಷ್ಯರ ರಕ್ತಕ್ಕೆ ಸಮಾನವೆಂದು ಅದನ್ನು ದೇವರ ಮುಂದೆ ನೆಲಕ್ಕೆ ಹೊಯ್ದ. ನಾವು ನೀರನ್ನು ಚೆಲ್ಲಬೇಕಾಗಿಲ್ಲ. ಕುಡಿಯುವಾಗ ತಂದವರ ನೆನಪಿದ್ದರೆ ಸಾಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಅಂಕಗಳೂ ಇಂಥ ನೀರೇ. ನೀವು ರಾತ್ರಿ ಕುಳಿತು ಓದಿದ್ದು ನಿಜ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ತಾನು ಏನೂ ಮಾಡಲಿಲ್ಲ ಎಂದು ಹಲ್ಲುಕಿರಿಯುವುದು ವಿನಯವಲ್ಲ, ಅದು ಸುಳ್ಳು. ಚಾಟ್ನಿ ಮಾಡದ ಬಳ್ಳಿಗೆ ಗೊಂಚಲು ಬಿಡುವುದಿಲ್ಲವೆಂದು ಟಿಕೋಟಾದ ರೈತ ಬಲ್ಲ. ಹಾಗೆಯೇ ಚಾಟ್ನಿ ಮಾಡಿದ ಮಾತ್ರಕ್ಕೆ ಗೊಂಚಲು ಬಂದೇ ಬರುತ್ತದೆ ಎಂಬ ಹಮ್ಮೂ ಅವನಿಗಿಲ್ಲ. ದುಡಿಮೆ ತನ್ನದು, ಬಿಸಿಲು ಗಾಳಿ ಮಳೆ ತನ್ನದಲ್ಲ ಎಂಬ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತು. ನೀವು ಓದುತ್ತಿದ್ದಾಗ ರೊಟ್ಟಿ ಬಡಿದವರು ಯಾರು? ಫೀಗಾಗಿ ಸಾಲ ತಂದವರು ಯಾರು? ನಿಮಗಾಗಿ ತನ್ನ ಓದನ್ನು ಬಿಟ್ಟ ಅಕ್ಕ ಮನೆಯಲ್ಲಿ ಇದ್ದಾಳೆಯೆ? ಇವರೆಲ್ಲ ನೀವು ತೋಡದ ಬಾವಿಗಳು.

ಟಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮಿಗಳನ್ನು ಇಲ್ಲಿ ನೆನೆಯದೆ ಇರಲಾಗದು. ವಿಜಯಪುರದ ಜ್ಞಾನಯೋಗಾಶ್ರಮದ ಈ ಸಂತರು ಜೇಬಿಲ್ಲದ ಅಂಗಿ ತೊಡುತ್ತಿದ್ದರು. 2018ರಲ್ಲಿ ಪದ್ಮಶ್ರೀ ಬಂದಾಗ ಸನ್ಯಾಸಿಗೆ ಪ್ರಶಸ್ತಿ ಬೇಡವೆಂದು ಗೌರವದಿಂದಲೇ ಮರಳಿಸಿದರು. 2023ರ ಜನವರಿ 2ರಂದು ತೀರಿಕೊಂಡಾಗ, ತಮಗೆ ಸ್ಮಾರಕ ಕಟ್ಟಬಾರದೆಂದು ಮೊದಲೇ ಬರೆದಿಟ್ಟಿದ್ದರು. ಅವರ ಮಾರ್ಗ ಬೇರೆ, ಕ್ರೈಸ್ತರ ಮಾರ್ಗ ಬೇರೆ. ಆದರೆ ವಿನಯವನ್ನು ಪಕ್ಕದ ಮನೆಯಿಂದ ಕಲಿಯಲು ನಾಚಿಕೆ ಬೇಡ. ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ವಾಸಿಮಾಡಿದಾಗ ಹಿಂತಿರುಗಿ ಬಂದು ಕಾಲಿಗೆರಗಿದವನು ಒಬ್ಬನೇ. ಅವನೂ ಯೆಹೂದ್ಯನಾಗಿರಲಿಲ್ಲ, ಹೊರಗಿನವನೆಂದು ಎಲ್ಲರೂ ದೂರವಿಟ್ಟಿದ್ದ ಸಮಾರ್ಯದವನು.

ಕೃತಜ್ಞತೆಗೆ ಬಾಯಿ ಇದ್ದಂತೆ ಕೈಯೂ ಇರಬೇಕು. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆಯ ರೈತರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತಾವು ಉಣ್ಣುವ ಮೊದಲು ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ. ಆಮೇಲೆ ಬಂದವರಿಗೆಲ್ಲ ಊಟ. ಕರಾವಳಿಯ ಕೆಥೋಲಿಕರು ಸೆಪ್ಟೆಂಬರ್ 8ರ ತೆನೆ ಹಬ್ಬದಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು ಎಲ್ಲರೂ ಹಂಚಿಕೊಂಡು ಉಣ್ಣುತ್ತಾರೆ. ಸಿ.ಎಸ್.ಐ. ಸಭೆಗಳ ಸುಗ್ಗಿ ಹಬ್ಬದಲ್ಲಿ ಜೋಳ, ಕಡಲೆ, ತರಕಾರಿ, ಕೋಳಿ, ಮೊಟ್ಟೆ ಎಲ್ಲವೂ ಬಂದು ಲಿಲಾವಾಗುತ್ತವೆ. ಅಲ್ಲಿ ಬಡ ಮುದುಕಿ ತಂದ ನಾಲ್ಕು ಮೊಟ್ಟೆಗೂ ಜಮೀನುದಾರ ತಂದ ಚೀಲಕ್ಕೂ ಒಂದೇ ಮೇಜು. ಧರ್ಮೋಪದೇಶಕಾಂಡದ ಪ್ರಥಮ ಫಲದ ನಿಯಮವೂ ಇದೇ. ಪುಟ್ಟಿ ತಂದವನು ತನ್ನ ಹಿರಿಯರು ಅಲೆಮಾರಿಗಳೂ ಗುಲಾಮರೂ ಆಗಿದ್ದರೆಂದು ಎಲ್ಲರೆದುರು ಹೇಳಬೇಕು. ನಂತರ ಲೇವಿಯನ ಮತ್ತು ಪರದೇಶಿಯ ಜೊತೆ ಕೂಡಿ ಸಂತೋಷಪಡಬೇಕು. ಒಬ್ಬನೇ ಕುಳಿತು ಅನುಭವಿಸುವ ಆಶೀರ್ವಾದದ ಮಾತೇ ಅಲ್ಲಿಲ್ಲ.

ಇನ್ನು ಚೀಟಿ ಬರೆಯದವರ ಮಾತು. ಗೊಂಚಲು ತುಂಬಿ ನಿಂತಾಗ ಅಕಾಲಿಕ ಮಳೆ ಬಿದ್ದರೆ ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ಹೋಗುತ್ತದೆ. ಒಣಗಲು ಹಾಕಿದ ದ್ರಾಕ್ಷಿ ತೊಯ್ದು ಕಪ್ಪಾದರೆ ಬೆಲೆ ಬಿದ್ದುಹೋಗುತ್ತದೆ. ಆ ರೈತನನ್ನು ದೇವರು ಕೈಬಿಟ್ಟನೆ? ಪಕ್ಕದ ತೋಟದವನ ಪ್ರಾರ್ಥನೆ ಹೆಚ್ಚು ಗಟ್ಟಿಯಾಗಿತ್ತೆ? ಹಾಗೆ ಹೇಳುವವರಿದ್ದರೆ ಅವರ ಮಾತನ್ನು ಕೇಳಬೇಡಿ. ಪ್ರವಾದಿ ಹಬಕ್ಕೂಕ ದ್ರಾಕ್ಷಿ ಬಳ್ಳಿ ಬರಿದಾಗಿ ಹೊಲ ಫಲ ಕೊಡದೆ ಹಟ್ಟಿ ಖಾಲಿಯಾದಾಗಲೂ ದೇವರಲ್ಲಿ ಸಂತೋಷಪಡುವೆನೆಂದ. ಹಾಗೆನ್ನಲು ಅವನಿಗೆ ಎಷ್ಟು ಕಷ್ಟವಾಗಿರಬೇಕೆಂದು ನಷ್ಟ ಕಂಡವರಿಗೇ ಗೊತ್ತು. 'ಪಾಸಾದರೆ ಇಷ್ಟು ಕಾಣಿಕೆ ಕೊಡುತ್ತೇನೆ' ಎಂದು ಹರಕೆ ಹೊರುವವರು ಈ ಪ್ರವಾದಿಯನ್ನು ಒಮ್ಮೆ ಓದಬೇಕು. ವ್ಯಾಪಾರದಲ್ಲಿ ಲಾಭ-ನಷ್ಟವಿದೆ. ತಂದೆಯೊಡನೆ ವ್ಯಾಪಾರವಿಲ್ಲ. ನಪಾಸಾದ ಹುಡುಗನೂ ಆ ತಂದೆಯ ಮಗನೇ, ಅವನ ಉಸಿರು, ಅವನ ಮನೆ, ಅವನಿಗೆ ಬರುವ ಇನ್ನೊಂದು ಪರೀಕ್ಷೆ, ಇವೂ ಕೊಡುಗೆಗಳೇ. ಆದರೆ ಇದನ್ನು ಅವನಿಗೆ ಬೋಧಿಸುವ ಹಕ್ಕು ಪಾಸಾದವರಿಗಿಲ್ಲ. ಅವನ ಪಕ್ಕದಲ್ಲಿ ಹೋಗಿ ಕೂಡುವ ಕೆಲಸ ಮಾತ್ರ ಅವರದು.

ತಂದೆತಾಯಿಗಳಲ್ಲಿ ಒಂದು ಬಿನ್ನಹ. ಮಗ ಓಡಿ ಬಂದು, "ಅಪ್ಪಾ, ನಾ ಫಸ್ಟ್ ಕ್ಲಾಸ್ ಆಗೇನಿ" ಎಂದಾಗ ಪೇಢೆ ತರಲು ಹೊರಡುವ ಮುನ್ನ ಹೀಗೆ ಹೇಳಿ ನೋಡಿ: "ಭಾಳ ಚಲೋ ಆತಪಾ. ಮೊದ್ಲ ಮಾಸ್ತರಿಗೆ ಹೋಗಿ ನಮಸ್ಕಾರ ಮಾಡಿ ಬಾ. ಬರೂವಾಗ ನಿನ್ನ ದೋಸ್ತನ ಮನಿಗೂ ಹೋಗಿ ಬಾ, ಅವಂಗ ಗಣಿತ ಹೇಳಿಕೊಡು." ಹರಿದುಬಂದ ನೀರು ಮುಂದಿನ ಹೊಲಕ್ಕೂ ಹರಿಯಬೇಕಲ್ಲವೆ?

ಸ್ತೋತ್ರ ಕಾಣಿಕೆಯ ಚೀಟಿಯನ್ನು ಅಗತ್ಯವಾಗಿ ಬರೆಯಿರಿ. ಅಂಕ ಎಷ್ಟೆಂದು ಬರೆಯಬೇಕಾಗಿಲ್ಲ, ದೇವರಿಗೆ ಅದು ಗೊತ್ತಿದೆ. ಆರಾಧನೆ ಮುಗಿದ ಮೇಲೆ, ಬೆಂಚಿನ ತುದಿಯಲ್ಲಿ ಕೀರ್ತನೆಯ ಪುಸ್ತಕ ತಿರುವುತ್ತ ಕುಳಿತವನ ಹೆಗಲ ಮೇಲೆ ಕೈಹಾಕಿ ಹೊರಗೆ ಕರೆದುಕೊಂಡು ಬನ್ನಿ.